ಹತ್ತನೆಯ ನರ

ಗೇಟಿನಲ್ಲಿ ತೂರಲಿಲ್ಲ ತೊಟ್ಟಿ.
ಹನ್ನೆರಡು ಅಡಿ ಉದ್ದ, ಏಳು ಅಡಿ ಅಗಲ.
ಸಿದ್ಧಾರ್ಥನಗರದ ಆ ಮನೆಯ ಕಾಂಪೌಂಡು ಒಡೆದು
ಕಾರು ನಿಲ್ಲುತ್ತಿದ್ದ ಶೆಡ್ಡಿಗೆ ಇಳಿಸಿದೆವು, ಹದಿನಾಲ್ಕು ಆಳು.
'ಆನೆ ಸಾಕ್ತಾರೇನ್ರಿ?' ಅಂದರು ಎದುರುಮನೆ ಪೋಸ್ಟ್‌ಮಾಸ್ಟರು.
'ಶಾರ್ಕು' ಅಂದೆ. ನಕ್ಕು ಒಳಗೆ ಹೋದರು,
ಕುರ್ಚಿ ತಂದು ಕೂತರು.

ಹಯಾತುನ್ನಿಸಾ ಮೇಡಂ ಪಾಠ ಮಾಡಿದ್ದು ಪ್ರಾಣಿಶಾಸ್ತ್ರ,
ನಾನು ಅವರ ಲ್ಯಾಬಿನ ಅಟೆಂಡರು, ಇಪ್ಪತ್ತೊಂಬತ್ತು ವರ್ಷ.
ಪೀಪಾಯಿಯಿಂದ ಬಾಲ ಹಿಡಿದು ಎತ್ತಿ
ಫಾರ್ಮಲಿನ್ನು ಸೋರಿಸಿ
ಮೇಣದ ತಟ್ಟೆಗೆ ಒಂದೊಂದು ಶಾರ್ಕು ಮಲಗಿಸುವುದು ನನ್ನ ಕೆಲಸ.
ತಲೆಬುರುಡೆಯ ನರಗಳು ಹತ್ತು; ಮೇಡಂ ಚಿಮಟದ ತುದಿಯಲ್ಲಿ
ಕೊನೆಯದನ್ನು ಎತ್ತಿ ತೋರಿಸೋರು, ಹಸಿ ಶಾವಿಗೆಯ ಹಾಗೆ ಬೆಳ್ಳಗೆ:
'ವೇಗಸ್. ಅಲೆಮಾರಿ ಅಂತ ಅರ್ಥ.
ಹೃದಯದವರೆಗೆ ಹೋಗುತ್ತೆ. ಕತ್ತರಿಸಬೇಡಿ.'
ಹುಡುಗರು ಕತ್ತರಿಸೋರು.
ಸಂಜೆ ಬಕೆಟ್ಟು ಹೊತ್ತು ಹಿಂದಿನ ಗುಂಡಿಗೆ ಹೋಗೋನು ನಾನು.
ನನ್ನ ಕೈತುತ್ತನ್ನು ಮಗುವಿನ ಬಾಯಿಗಿಡಲು
ಹೆಂಡತಿ ಒಂದು ದಿನವೂ ಬಿಟ್ಟವಳಲ್ಲ.

ಈಗ ಉಪ್ಪು.
ಮೂಟೆ ಮೂಟೆ, ಚೆನ್ನೈ ಲಾರಿಯಲ್ಲಿ.
ಅಡುಗೆ ಉಪ್ಪಲ್ಲ ಅಂತ ಮೂರು ಸಲ ಹೇಳಿಸಿಕೊಂಡೆ.
ಕಬಿನಿ ನೀರಿನ ಕ್ಲೋರಿನ್ನು ತೆಗೆದು, ಡ್ರಮ್ಮಿನಲ್ಲಿ ಕಲಕಿ,
ಒಂದು ಹನಿಯನ್ನು ಗಾಜಿನ ಮೇಲಿಟ್ಟು ಇಣುಕಿ
ಅವರು ಕೂಗುವ ಅಂಕಿ: ಸಾವಿರದ ಇಪ್ಪತ್ತೆರಡು,
ಇನ್ನೆರಡು ಬೋಗುಣಿ ಹಾಕು,
ಇಪ್ಪತ್ತೈದು, ಸಾಕು.
ಕದ್ದು ನಾಲಿಗೆಗೆ ಮುಟ್ಟಿಸಿದೆ.
ಸಮುದ್ರ ಕಂಡವನಲ್ಲ ನಾನು,
ಹೌದೋ ಅಲ್ಲವೋ ಹೇಳಲಾರೆ.

ಆಮೇಲೆ ಏಳು ವಾರ ಏನೂ ಆಗಲಿಲ್ಲ.
ಸತ್ತ ಸಿಗಡಿಯೊಂದನ್ನು ಹಾಕಿ ಕೊಳೆಯಲು ಬಿಟ್ಟರು.
ಪಂಪು ಗುಂಯ್ ಅನ್ನುತ್ತೆ,
ನೀರು ತಂಪಿಡುವ ಯಂತ್ರ ಶೆಡ್ಡಿಗೆಲ್ಲ ಬಿಸಿಯುಸಿರು ಬಿಡುತ್ತೆ,
ಕರೆಂಟ್ ಹೋದರೆ ಮೇಡಂ ನಿದ್ದೆಗಣ್ಣಲ್ಲೇ ಜನರೇಟರಿಗೆ ಓಡುತ್ತಾರೆ,
ಖಾಲಿ ನೀರಿಗಾಗಿ.
'ಮೀನೆಲ್ಲಿ?' ಪೋಸ್ಟ್‌ಮಾಸ್ಟರು ದಿನಾ.
'ಬ್ಯಾಕ್ಟೀರಿಯಾ ಬೆಳೀತಿದೆ.'
'ಕಾಣಲ್ವಲ್ಲ.'
'ಕಾಣದ್ದಕ್ಕೇ ಸಾರ್ ಕಾಯೋದು.' ಹಾಗಂದದ್ದು ನಾನು.
ಮೇಡಂ ತಿರುಗಿ ನೋಡಿದರು.

ಕೀಲುನೋವಿನ ತಾಮ್ರದ ಕಡಗ ಬಿಚ್ಚಿಸಿದರು,
ತಾಮ್ರ ಇವಕ್ಕೆ ವಿಷವಂತೆ.
ಕಡಗವಿದ್ದಲ್ಲಿ ಹಸಿರು ಗೆರೆ. ಸೋಪು ಹಾಕಿ ಉಜ್ಜಿದೆ.

ಮೊದಲು ಬಂದದ್ದು ತೊರಕೆ.
ಮಂಡಿ ಮೊಹಲ್ಲಾದಲ್ಲಿ ಮೀನು ಮಾರುವ ಮಂಗಳೂರಿನವಳು
ಕೊಟ್ಟ ಹೆಸರು ಅದು.
ನೀಲಿ ಚುಕ್ಕೆಯ ಅಕ್ಕಿರೊಟ್ಟಿ; ಅಂಚು ಬಡಿದು ಬಡಿದು
ಮೈಮೇಲೆ ಮರಳೆಳೆದುಕೊಂಡು
ಎರಡು ಕಣ್ಣು ಮಾತ್ರ ಹೊರಗಿಟ್ಟಿತು.

ಆಮೇಲೆ ಎರಡು ಮೊಟ್ಟೆ, ಒಣಹುಣಸೆ ಸಿಪ್ಪೆಯಂಥ ಚೀಲ.
ದೀಪ ಆರಿಸಿ ಹಿಂದಿನಿಂದ ಟಾರ್ಚು ಹಿಡಿದೆ.
ಒಂದರಲ್ಲಿ ಹಳದಿ ಮಸುಕು, ಅಷ್ಟೆ.
ಇನ್ನೊಂದರಲ್ಲಿ ದಾರದೆಳೆಯಂಥ ಬಾಲ
ಬಿಡದೆ ಆಡುತ್ತಿತ್ತು.
ಮೇಡಂ ಕನ್ನಡಕ ತೆಗೆದರು.
'ವರ್ಷಕ್ಕೆ ಅರವತ್ತು, ಅಲ್ವಾ ಚಿಕ್ಕಣ್ಣಯ್ಯ?'
'ಕೆಲವು ವರ್ಷ ಎಂಬತ್ತು' ಅಂದೆ.
ಮುಂದಿನ ಗುಣಾಕಾರ ಇಬ್ಬರೂ ಮಾಡಲಿಲ್ಲ.

ಮರಿ ಈಗ ಗೇಣುದ್ದ, ಮೈತುಂಬ ಪಟ್ಟೆ.
ರಾತ್ರಿ ಮರಳಿಗೆ ಮೂತಿಯನ್ನು ತಾಗಿಯೂ ತಾಗಿಸದೆ ಹೋಗುತ್ತೆ;
ಅಡಗಿದ ಸಿಗಡಿಯ ಎದೆಬಡಿತ
ಆ ಮೂತಿಯ ತೂತುಗಳಿಗೆ ಕೇಳುತ್ತಂತೆ.
ಆ ತೂತುಗಳ ಚರ್ಮವನ್ನೇ ಸುಲಿದು
ಸ್ಲೈಡಿಗೆ ಕೊಡುತ್ತಿದ್ದೆ ನಾನು.

ನಿನ್ನೆ 'ಕೈ ಹಾಕು' ಅಂದರು.
ಮೊಣಕೈವರೆಗೆ ತೊಳೆದೆ. ಮತ್ತೆ ತೊಳೆದೆ. ಮೂಸಿದೆ.
ಆ ಮೈ ನನಗೆ ಗೊತ್ತು:
ತಲೆಯಿಂದ ಬಾಲಕ್ಕೆ ಸವರಿದರೆ ರೇಷ್ಮೆ,
ಬಾಲದಿಂದ ತಲೆಗೆ ಉಪ್ಪುಕಾಗದ.
ಪೀಪಾಯಿಯದು ಎತ್ತ ಸವರಿದರೂ ಸುಮ್ಮನಿರುತ್ತಿತ್ತು.

ನೀರೊಳಗೆ ಅಂಗೈ ಬಿಚ್ಚಿಟ್ಟೆ.
ಬಂತು.
ಮೂತಿಯಿಂದ ಬಾಲದ ತುದಿವರೆಗೂ ಬರೀ ರೇಷ್ಮೆ.
ಉಪ್ಪುಕಾಗದಕ್ಕೆ ಕಾದೆ;
ಅದಾಗಲೇ ಪಂಪಿನ ಹಿಂದಿನ ಕತ್ತಲಿಗೆ ಹೋಗಿಯಾಗಿತ್ತು.
ಕೈ ಹಾಗೇ ಇತ್ತು ನೀರಲ್ಲಿ,
'ಕಚ್ಚಿತೇನ್ರಿ?' ಅಂತ
ಪೋಸ್ಟ್‌ಮಾಸ್ಟರು ಕುರ್ಚಿಯಿಂದ ಎದ್ದು ಬರುವವರೆಗೆ.