ಬ್ಯಾಟರಿ ನನ್ನ ಜೇಬಿನಲ್ಲಿರಲಿ

ಕೊಡು ಇಲ್ಲಿ ಗುಡ್ನಿ, ಆ ಬ್ಯಾಟರಿ.
ಕಾಫಿ ಮುಗಿಯುವ ತನಕ ನನ್ನ ಜೇಬಿನಲ್ಲಿರಲಿ.
ಗರಗಸ ಹುಲ್ಲಿನ ಮೇಲೆ ಮಲಗಿರಲಿ
ಹಲ್ಲಿದ್ದೂ ಉಸಿರಿಲ್ಲದೆ.

ನನ್ನ ಹಳೆಯ ಪೆಟ್ರೋಲಿನದು ಗಯ್ಯಾಳಿ.
ಕೂತಲ್ಲೂ ಗೊಣಗುತ್ತಿತ್ತು, ಹೊಗೆ ಉಗುಳುತ್ತಿತ್ತು,
ಇದ್ದೇನೆ, ಇದ್ದೇನೆ, ಹತ್ತಿರ ಬರಬೇಡ ಎಂದು
ಫ್ಯೋರ್ಡಿನ ಆಚೆ ದಡದ ಆಡುಗಳಿಗೂ ಸಾರುತ್ತಿತ್ತು.
ಮೂವತ್ತು ಬೇಸಿಗೆ ಅದರ ಜೊತೆ ಸಂಸಾರ ಮಾಡಿ
ಎರಡೂ ಕಿವಿ ಅದರ ಹೆಸರಿಗೇ ಬರೆದುಕೊಟ್ಟೆ.
ಈಗ ನಿನ್ನ ಮಾತೆಲ್ಲ ನನಗೆ ಬರೀ ತುಟಿಯಾಟ.

ಇದು ಹಾಗಲ್ಲ, ಮುಗುಮ್ಮಾಗಿ ಕೂರುವ ಜಾತಿ.
ಸತ್ತಂತೆ ಬಿದ್ದಿರುತ್ತದೆ,
ಬೆರಳು ತಾಗಿದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ
ಪೂರ್ತಿ ಎಚ್ಚರ.

ಈ ಆಶ್ ಮರ ನೋಡು.
ಆರು ವರ್ಷಕ್ಕೊಮ್ಮೆ ತಲೆ ಬೋಳಿಸಿ
ಎಲೆಗಂತೆ ಕಟ್ಟಿ, ಒಣಗಿಸಿ, ಕುರಿಗಳ ಚಳಿಗಾಲ ದಾಟಿಸಿದವರು
ಎಷ್ಟು ಜನವೋ, ಹೆಸರು ಯಾರಿಗೆ ಗೊತ್ತು.
ಕಡಿದಲ್ಲೇ ಚಿಗುರಿ, ಚಿಗುರಿದಲ್ಲೇ ಕಡಿಸಿಕೊಂಡು
ಕೊಂಬೆಯ ಬುಡಗಳೆಲ್ಲ ಮುಷ್ಟಿ ಕಟ್ಟಿವೆ.
ಈಗ ಬೂಷ್ಟು ರೋಗ. ತುದಿ ಒಣಗಿದೆ.
ಒಣ ಆಶ್ ಬಳುಕುವುದಿಲ್ಲ, ಹೇಳದೆ ಕೇಳದೆ ಮುರಿಯುತ್ತದೆ.
ಅದಕ್ಕೇ ಮೊದಲು ಕತ್ತೆತ್ತಿ ನೋಡು,
ಆಮೇಲೆ ಓಡಲು ದಾರಿ ನೋಡು,
ದಾರಿಯ ಕಲ್ಲು ಎತ್ತಿ ಬದಿಗಿಡು.

ಏಣಿ ಬೇಡ.
ಇಳಿಜಾರಿನ ಮೇಲ್ಬದಿಗೆ ನಿಂತರೆ
ಕೊಂಬೆಯೇ ನಿನ್ನ ಎದೆಯ ಮಟ್ಟಕ್ಕೆ ಬರುತ್ತದೆ.
ಭುಜಕ್ಕಿಂತ ಎತ್ತರದ್ದು ಇವತ್ತು ನಮ್ಮದಲ್ಲ.
ಎರಡೂ ಕೈ. ಹೆಬ್ಬೆರಳು ಹಿಡಿಯ ಕೆಳಗಿಂದ ಸುತ್ತಿ ಬರಲಿ.
ಅಲಗಿನ ಮೂತಿ ಮಾತ್ರ ಯಾವುದಕ್ಕೂ ತಾಗಬಾರದು,
ತಾಗಿದರೆ ಮುಖಕ್ಕೇ ನೆಗೆಯುತ್ತದೆ.
ಬುಡದಿಂದ ಒಂದು ಗೇಣು ಬಿಟ್ಟು
ಕೆಳಗಿನಿಂದ ಸ್ವಲ್ಪವೇ ಕೊಯ್ಯಿ, ಮೂರರಲ್ಲಿ ಒಂದು ಪಾಲು.
ಮತ್ತೆ ಇನ್ನಷ್ಟು ಹೊರಗೆ, ಮೇಲಿನಿಂದ.
ಇಲ್ಲದಿದ್ದರೆ ಬೀಳುವ ಕೊಂಬೆ
ತೊಗಟೆಯನ್ನು ಕಾಲ್ಚೀಲದಂತೆ ಸುಲಿದು ಒಯ್ಯುತ್ತದೆ.
ಉಳಿದ ಮೋಟು ಕೊನೆಗೆ.
ಆ ಉಬ್ಬು ಕೊರಳಪಟ್ಟಿಯನ್ನು ಮುಟ್ಟಬೇಡ,
ಗಾಯ ಮುಚ್ಚುವ ಚರ್ಮ ಬರುವುದು ಅಲ್ಲಿಂದಲೇ.
ಬಣ್ಣ ಗಿಣ್ಣ ಬಳಿಯುವುದೂ ಬೇಡ, ಮರಕ್ಕೆ ಅದರ ವೈದ್ಯ ಗೊತ್ತು.

ಕೊಟ್ಟಿಗೆಯ ಮೊಳೆಗೆ ಆ ಕಿತ್ತಳೆ ಪ್ಯಾಂಟು
ಯಾಕಿನ್ನೂ ನೇತಾಡುತ್ತಿದೆ ಎಂದು ಕೇಳಿದ್ದೆಯಲ್ಲ.
ಹೋದ ಆಗಸ್ಟ್. ನಿಂತಿದೆ ಅಂದುಕೊಂಡೆ. ಕಿವುಡನಿಗೆ
ನಿಂತದ್ದೂ ಒಂದೇ, ಓಡುವುದೂ ಒಂದೇ.
ಒಂದು ಕೈಯಲ್ಲಿ ಅದನ್ನು ತೂಗಿಸಿಕೊಂಡು
ಇನ್ನೊಂದರಿಂದ ಸೊಪ್ಪು ಎಳೆಯಹೋದೆ.
ತೊಡೆಯ ಬಟ್ಟೆ ಬಾಯಿಬಿಟ್ಟಿತು.
ಒಳಗಿನ ಬಿಳಿ ನಾರು ರಾಶಿ ರಾಶಿ ಹೊರಬಂದು
ಸರಪಳಿಯ ಗಂಟಲಿಗೆ ಸುತ್ತಿಕೊಂಡು
ಅದು ಉಸಿರುಕಟ್ಟಿ ನಿಂತಿತು.
ಹುಲ್ಲಿನಲ್ಲಿ ಕೂತು ನೋಡಿದೆ,
ಉಣ್ಣೆ ಕತ್ತರಿಸಿದಷ್ಟು ಬಿಳಿ. ಕೆಂಪು ಹುಡುಕಿದೆ. ಇರಲಿಲ್ಲ.
ನಿನ್ನ ಅತ್ತೆಗೆ ಬೇಲಿಯ ತಂತಿ ಎಂದೆ.
ನಂಬಿದವಳಂತೆ ತಲೆಯಾಡಿಸಿ
ಮರುದಿನ ಹೊಸ ಪ್ಯಾಂಟು ಮೇಜಿನ ಮೇಲಿಟ್ಟಳು.

ಅವಳಿಗೂ ಹೇಳದ್ದು ಒಂದಿದೆ.
ಅದರ ತಡೆಗುಂಡಿಗೆ ಟೇಪು ಸುತ್ತಿದ್ದವನು ನಾನೇ,
ಪದೇ ಪದೇ ಒತ್ತಿ ಹೆಬ್ಬೆರಳು ನೋಯುತ್ತದೆ ಎಂದು.
ಹೆಬ್ಬೆರಳು!

ಸರಿ, ತಗೋ ಬ್ಯಾಟರಿ.
ಈ ಹಗ್ಗದ ತುದಿ ಕೊಂಬೆಗೆ, ಇನ್ನೊಂದು ನನ್ನ ಕೈಗೆ.
ಎರಡು ಮರದುದ್ದ ದೂರ ನಿಲ್ಲುತ್ತೇನೆ.
ನೀನು ಶುರುಮಾಡಿದ್ದು ನನಗೆ ಅಂಗೈಯಲ್ಲಿ ಕೇಳಿಸುತ್ತದೆ.

ಹಾಂ. ಈಗ ಕೆಳಗಿನಿಂದ.
ಹಗ್ಗದಲ್ಲಿ ಜೇನು ಹರಿದಂತೆ ಗುಂಯ್ ಎಂದಿತು.
ನಿಂತಿತು.
ಈಗ ಮೇಲಿನಿಂದ, ಗುಂಯ್,
ಆಮೇಲೆ ಒಮ್ಮೆಗೇ ಸಡಿಲ.
ಎಲೆಗಳು ಮಾತಿಲ್ಲದೆ ಬಂದು ನೆಲಕ್ಕೆ ಕೂತವು.
ಕೆಳಗಿನ ಗೀರು ಸಾಲಲಿಲ್ಲ,
ಅಂಗುಲದಷ್ಟು ತೊಗಟೆ ಸುಲಿದಿದೆ. ಇರಲಿ.
ನನ್ನ ಮೊದಲ ಕೊಂಬೆ ಮೊಳದುದ್ದ ಸುಲಿದಿತ್ತು.

ನಾನು ಕೇಳುವ ಮೊದಲೇ ಬಿಚ್ಚಿ ತಂದು
ಅಂಗೈಯಲ್ಲಿಡುತ್ತೀಯ ಬ್ಯಾಟರಿ.
ಬೆಚ್ಚಗಿದೆ, ಈಗಷ್ಟೇ ಇಟ್ಟ ಮೊಟ್ಟೆಯಂತೆ.
ಏನೋ ಹೇಳುತ್ತಿದ್ದೀಯ.
ಹೆಲ್ಮೆಟ್ಟಿನ ಜಾಲರಿ ಎತ್ತು ಮೊದಲು,
ತುಟಿ ಕಾಣುತ್ತಿಲ್ಲ.