ಅರ

ಮಂಗಳವಾರ, ಗುರುವಾರ, ಮಧ್ಯಾಹ್ನ ಒಂದೂಕಾಲಿಗೆ ಬರುತ್ತಾಳೆ
ಶಾಲೆಯ ಟೈ ಕಟ್ಟಿಕೊಂಡೇ.
ಮೊದಲ ದಿನ ಅದನ್ನೇ ಬಿಚ್ಚಿಸಿದೆ:
ತಿರುಗುವ ಲೇತಿಗೆ ಗೊತ್ತಾಗುವುದಿಲ್ಲ ಹುಡುಗಿ,
ಯಾವುದು ಬಟ್ಟೆ, ಯಾವುದು ಕೊರಳು.
ಅಗೋ ಆ ಮೊಳೆಗೆ ನೇತುಹಾಕು.

ಹೆಸರು ಮಿರೆನ್ ಗೌರ್ಲೆ. ಹದಿನಾರು.
ಅಪ್ಪ ಬಂದರಿನ ಹಿಂದಿನ ಓಣಿಯಲ್ಲಿ
ಹ್ಯಾಡಕ್ ಮೀನಿಗೆ ಹೊಗೆ ಕೊಡುವವನು.
(ಆರ್ಬ್ರೋತ್‌ನಲ್ಲಿ ಹೊಗೆ ಬಂದರೆ ಯಾರೂ ಮೂಗು ಮುಚ್ಚುವುದಿಲ್ಲ,
ಹಸಿವಾಗುತ್ತದೆ.)
ವಾರಕ್ಕೆರಡು ಮಧ್ಯಾಹ್ನ, ಎರಡು ವರ್ಷ, ಎಂದಿತ್ತು ಕಾಗದ,
ಓದೂ ಹೌದು, ಕೆಲಸವೂ ಹೌದು.
ನನಗದು ತಲೆಗೆ ಹೋಗಲಿಲ್ಲ.
ಇವಳ ವಯಸ್ಸಿಗೇ ಶಾಲೆ ಬಿಟ್ಟವನು ನಾನು;
ಬೆನ್ನ ಹಿಂದೆ ಬಾಗಿಲು ಎಷ್ಟು ಜೋರಾಗಿ ಬಡಿಯಿತೆಂದರೆ
ಈಗಲೂ ಭಿನ್ನರಾಶಿ ಕಂಡರೆ ಕಿವಿ ಮುಚ್ಚಿಕೊಳ್ಳುತ್ತೇನೆ.

ಅರೆ ಶಾಲೆ, ಅರೆ ಕಾರ್ಖಾನೆ,
ಅರೆಬೆಂದದ್ದನ್ನು ನನ್ನ ತಟ್ಟೆಗೇ ಬಡಿಸುತ್ತೀರಿ,
ಎಂದು ಮೇಸ್ತ್ರಿಯ ಮುಂದೆ ಗೊಣಗಿ
ಅವಳಿಗೊಂದು ಅರ ಕೊಟ್ಟೆ,
ಬೆಂಕಿಪೊಟ್ಟಣದಷ್ಟು ಉಕ್ಕಿನ ತುಂಡು ಕೊಟ್ಟೆ.
ಉಜ್ಜು, ಸಪಾಟಾಗುವ ತನಕ.
ಎಷ್ಟು ಸಪಾಟು?
ಮೂಲೆಮಟ್ಟ ಒತ್ತಿ ಕಿಟಕಿಗೆ ಹಿಡಿದರೆ
ನಡುವೆ ಬೆಳಕು ನುಸುಳಬಾರದು, ಅಷ್ಟು.

ಮೂರು ವಾರ ಉಜ್ಜಿದಳು.
ತುಂಡಿಗೆ ಹೊಟ್ಟೆ ಬಂತು, ಎಲ್ಲರ ಮೊದಲ ತುಂಡಿಗೂ ಬರುವ ಹೊಟ್ಟೆ.
ಕೈ ತೂಗಬೇಡವೇ, ಇದು ತೊಟ್ಟಿಲಲ್ಲ!
ಬೂಟು ಎರಡು ಅಳತೆ ದೊಡ್ಡದು,
ಒಳಗೆ ಎರಡು ಜೊತೆ ಕಾಲುಚೀಲ.
ಅಂಗೈಯ ಬೊಕ್ಕೆ ಒಡೆದ ದಿನ
ಶಾಲೆಗೆ ತೋರಿಸಬೇಕಾದ ಪುಸ್ತಕ ತೆಗೆದು
'ಇಂದು ಕಲಿತದ್ದು' ಎಂಬ ಖಾನೆಯಲ್ಲಿ ಬರೆದಳು:
ನಿಲ್ಲುವುದು.
ಇಣುಕಿ ಓದಿದೆ. ನಗಲಿಲ್ಲ.
ನಿಂತ ನಿಲುವಿನಿಂದಲೇ ಅರ ನಡೆಯುತ್ತದೆ, ತೋಳಿನಿಂದಲ್ಲ ಎಂದು ತಿಳಿಯಲು
ನನಗೆ ಏಳು ವರ್ಷ ಹಿಡಿದಿತ್ತು.

ಏಪ್ರಿಲಿನಲ್ಲೊಂದು ದಿನ ಕಡಲಿನಿಂದ ಮಂಜು ಹತ್ತಿ ಬಂತು.
ಹಾರ್ ಎನ್ನುತ್ತೇವೆ ಇಲ್ಲಿ.
ಬಂದರು ಹೋಯಿತು, ಗೇಟು ಹೋಯಿತು,
ಅಂಗಳದ ಪಂಪುಗಳು ಒಂದೊಂದಾಗಿ ಕರಗಿದವು.
ದಂಡವೊಂದನ್ನು ಅಳೆಯಬೇಕಿತ್ತು.
ಮೈಕ್ರೋಮೀಟರನ್ನು ಕಿವಿ ಹಿಂಡಿದ ಹಾಗೆ ಮೆಲ್ಲಗೆ ತಿರುಗಿಸಿ
ಗೆರೆ ನೋಡಿದೆ.
ಊದಿದ ಇರುವೆಸಾಲು.
ಎರಡು ವರ್ಷದಿಂದ ಹೀಗೇ. ಹೆಂಡತಿಗೂ ಹೇಳಿಲ್ಲ.
ಹಾಳು ಮಂಜು, ಎಂದೆ, ಬೆಳಕೇ ಇಲ್ಲ.
ನೆತ್ತಿಯ ಮೇಲೆ ಟ್ಯೂಬ್‌ಲೈಟು ಉರಿಯುತ್ತಿತ್ತು.

ಅವಳು ತಲೆಯೆತ್ತಿ ದೀಪ ನೋಡಲಿಲ್ಲ.
ನಾನು ಓದಲಾ, ಮಿಸ್ಟರ್ ಲೋಗಿ, ಅಭ್ಯಾಸಕ್ಕೆ?
ತಪ್ಪಿದ್ದರೆ ಹೇಳಿ.
ಇಪ್ಪತ್ತೆಂಟು ದಶಾಂಶ ಸೊನ್ನೆ ಒಂದು.
ನೋಡಿದವನಂತೆ ಕತ್ತು ಬಗ್ಗಿಸಿದೆ.
ಸರಿಯಾಗಿದೆ, ಎಂದೆ.

ಆಮೇಲೆ ಅಳತೆಯ ಕೆಲಸವೆಲ್ಲ
ಅದು ಹೇಗೋ ಮಂಗಳವಾರಕ್ಕೆ ಬೀಳುತ್ತದೆ,
ಉಳಿದದ್ದು ಗುರುವಾರಕ್ಕೆ.
ಮೇಸ್ತ್ರಿ ಕೇಳಿದ. ಹುಡುಗಿ ಕಲಿಯಲಿ ಅಂತ, ಎಂದೆ.
ಅವಳು ಓದಿ ಮುಗಿಸಿದ ಮೇಲೆ ದಂಡ ಕೈಗಿಟ್ಟು
ಈಗ ಕಣ್ಣು ಮುಚ್ಚು ಎನ್ನುತ್ತೇನೆ,
ಉಗುರಲ್ಲಿ ಸವರು, ಎಲ್ಲಿ ತಡೆಯಿತು?
ಇಲ್ಲಿ.
ಅಲ್ಲ, ಇನ್ನೂ ಸ್ವಲ್ಪ ಮುಂದೆ. ಬಿಡು, ಅವಸರವಿಲ್ಲ.
ಬಸ್ಸಿಗೆ ಇನ್ನೂ ಹತ್ತು ನಿಮಿಷವಿದೆ.

ಹೋದ ವಾರ ಟೈ ಮರೆತೇ ಓಡಿದಳು.
ಮೊಳೆಯಿಂದ ಕಿತ್ತು ಹಿಂದೆಯೇ ಓಡಿ,
ಈ ವಯಸ್ಸಿನಲ್ಲಿ, ಗೇಟಿನ ತನಕ,
ಏದುಸಿರಲ್ಲಿ ಕೈಗಿಟ್ಟಾಗ ಕಂಡಿತು,
ನೀಲಿಯ ಮೇಲೆ ನನ್ನ ಹೆಬ್ಬೆರಳು, ಕರ್ರಗೆ, ಗೆರೆ ಗೆರೆ ಸಮೇತ.
ತೊಳೆದರೆ ಹೋಗುತ್ತದೆ, ಎಂದೆ.

ಗುರುವಾರ ಬಂದಳು.
ಟೈ ಬಿಚ್ಚಿ ಮೊಳೆಗೆ ಹಾಕಿದಳು.
ಗುರುತು ಹಾಗೇ ಇತ್ತು.