ಒಂದೇ ಓಣಿ

ಸೋಗಾನೆಯ ರನ್‌ವೇ ಅಳೆಯುವುದು ನನ್ನ ಕೆಲಸವಲ್ಲ,
ಅದನ್ನು ಅಳೆದವರು ಬೇರೆ.
ನಾನು ಎಣಿಸಲು ಬಂದದ್ದು ಇನ್ನೂ ಇಲ್ಲದ ಜನರನ್ನು:
ಹತ್ತು ವರ್ಷ ಕಳೆದು, ಯಾವುದೋ ಒಂದು ಮಂಗಳವಾರ,
ಇಲ್ಲಿಂದ ಹಾರಬೇಕೆಂದು ಎಷ್ಟು ಮಂದಿಗೆ ಅನ್ನಿಸೀತು.

ಲ್ಯಾಪ್‌ಟಾಪಿನಲ್ಲಿ ಎರಡು ವಿಮಾನ.
ಒಂದಕ್ಕೆ ನೂರಾ ಎಂಬತ್ತಾರು ಸೀಟು,
ಇನ್ನೊಂದು ಅದರದೇ ತಮ್ಮ, ತುಸು ಉದ್ದ ಬೆಳೆದವನು.
ಮೈಯಗಲ ಮಾತ್ರ ಎರಡಕ್ಕೂ ಒಂದೇ:
ಈ ಕಡೆ ಮೂವರು, ಆ ಕಡೆ ಮೂವರು,
ನಡುವೆ ಒಂದೇ ಓಣಿ,
ಗಾಂಧಿ ಬಜಾರಿನ ಹಿಂದಿನ ಗಲ್ಲಿಯ ಹಾಗೆ.
ಎದುರಿಗೆ ಕೈಗಾಡಿ ಬಂತೋ
ಒಬ್ಬರು ಗೋಡೆಗೆ ಅಂಟಿಕೊಳ್ಳಲೇಬೇಕು.

ಸಂಜೆ ಖಾಸಗಿ ಬಸ್‌ಸ್ಟ್ಯಾಂಡಿನಲ್ಲಿ
ದಸ್ತಗೀರ್ ಸಾಹೇಬರು ಸಿಕ್ಕರು.
ಹದಿನಾಲ್ಕು ಬಸ್ಸಿನ ಮಾಲೀಕರಾಗಿದ್ದವರು, ಈಗ ಎರಡಕ್ಕೆ.
ಮಂಡಕ್ಕಿಯ ಪೊಟ್ಟಣ ನನ್ನ ಕಡೆ ಸರಿಸಿ ಕೇಳಿದರು:
'ಆರ್ಡರು ಕೊಟ್ಟರೆ ವಿಮಾನ ಯಾವಾಗ ಬರುತ್ತೆ?'
'ಎಂಟು ವರ್ಷಕ್ಕೆ. ಸಾಲು ಉದ್ದ ಇದೆ.'
ನಕ್ಕರು. 'ಹಂಗಾದರೆ ನಿಮ್ಮ ಪ್ಯಾಸೆಂಜರು
ಈಗ ಬಾಲವಾಡೀಲಿ ಮೂಗು ಒರೆಸ್ಕೋತಾ ಇದೆ.'

ಒಂದೇ ಜಾತಿಯ ವಿಮಾನ ಕೊಂಡರೆ, ನಾನಂದೆ,
ಪೈಲಟ್ಟುಗಳಿಗೆ ಒಂದೇ ತರಬೇತಿ,
ಉಗ್ರಾಣದಲ್ಲಿ ಒಂದೇ ಬಗೆಯ ಬಿಡಿಭಾಗ.
'ಗೊತ್ತು ಮೇಡಂ. ನಾನೂ ಅದನ್ನೇ ಮಾಡಿದ್ದು.
ಹದಿನಾಲ್ಕೂ ಒಂದೇ ಮಾಡೆಲ್ಲು.
ಇದರ ಗೇರ್‌ಬಾಕ್ಸು ಅದಕ್ಕೆ, ಅದರ ಕನ್ನಡಿ ಇದಕ್ಕೆ.
ಆರು ವರ್ಷ ರಾಜನಂಗಿದ್ದೆ.
ಆಮೇಲೆ ಎಂಜಿನ್ನಲ್ಲೇ ಏನೋ ಐಬು,
ಕಂಪನಿಯವರದೇ ತಪ್ಪು.
ಒಂದು ಹೊಸನಗರದಲ್ಲಿ ನಿಂತಿತು, ಒಂದು ಹುಲಿಕಲ್ ಘಾಟಿಯ ನಡುವೆ,
ವಾರ ತುಂಬೋದರೊಳಗೆ ಹದಿನಾಲ್ಕೂ.
ಅಣ್ಣತಮ್ಮಂದಿರಿಗೆಲ್ಲ ಒಂದೇ ರೋಗ.'

ಯಾವುದೋ ದೂರದ ಹ್ಯಾಂಗರಿನ ಹೊರಗೆ
ಎಂಜಿನ್ನಿಗಾಗಿ ಕಾಯುತ್ತ, ಮುಚ್ಚಿದ ಮೂಗಿನ
ವಿಮಾನಗಳ ಸಾಲು ನೆನಪಾಯಿತು.
ಹೇಳಲಿಲ್ಲ. ಅವರಿಗೆ ಗೊತ್ತಿದ್ದ ಹಾಗಿತ್ತು.

'ಹಾಗಾದರೆ ಎರಡು ಜಾತಿ ಇಟ್ಟುಕೊಳ್ಳಬೇಕಿತ್ತೆ?'
'ಇಟ್ಟುಕೊಂಡಿದ್ದ ರುದ್ರೋಜಿ ಎರಡೇ ವರ್ಷಕ್ಕೆ ಮುಳುಗಿದ.
ಅದಕ್ಕೊಬ್ಬ ಮೇಸ್ತ್ರಿ, ಇದಕ್ಕೊಬ್ಬ ಮೇಸ್ತ್ರಿ.'

ಸರಾಸರಿ ತೋರಿಸಿದೆ: ದಿನಕ್ಕೆ ಇಷ್ಟು ಜನ, ವರ್ಷಕ್ಕೆ ಇಷ್ಟು ಬೆಳವಣಿಗೆ.
ಕನ್ನಡಕ ಹಣೆಗೇರಿಸಿ ನೋಡಿದರು.
'ಸರಾಸರಿ ಮೇಲೆ ಯಾರೂ ಕೂರಲ್ಲ ತಾಯಿ.
ಸೋಮವಾರದ ಆರೂಕಾಲಿನ ಬಸ್ಸು
ಮಣಿಪಾಲದ ರೋಗಿಗಳಿಂದಲೇ ತುಂಬೋದು,
ನಿಲ್ಲೋಕೂ ಜಾಗ ಇಲ್ಲ.
ಅದೇ ಬಸ್ಸು ಬುಧವಾರ ನಮ್ಮ ಕಂಡಕ್ಟರ್ ಯೇಸುದಾಸನ
ಟಿಕೆಟ್ ಚೀಲ ಹೊತ್ತುಕೊಂಡು ಹೋಗೋದು, ಅಷ್ಟೇ.'

'ಉದ್ದದ್ದಕ್ಕೆ ಸೀಟಿಗೆ ಬೀಳುವ ಖರ್ಚು ಕಡಿಮೆ', ಅಂದೆ.
ಮಂಡಕ್ಕಿಯ ತಳದಲ್ಲಿ ಶೇಂಗಾ ಹುಡುಕುತ್ತ ಕೇಳಿದರು,
'ಖಾಲಿ ಸೀಟಿಗೂ?'

ರಾತ್ರಿ ದುರ್ಗಿಗುಡಿಯ ಲಾಡ್ಜಿನಲ್ಲಿ
ಇಂಧನದ ಬೆಲೆ ಏರಿಸಿ ನೋಡಿದೆ, ಇಳಿಸಿ ನೋಡಿದೆ,
ಡಾಲರನ್ನು ತೊಂಬತ್ತೈದಕ್ಕೆ ಒಯ್ದೆ.
ಒಮ್ಮೆ ಅಣ್ಣ ಗೆದ್ದ, ಒಮ್ಮೆ ತಮ್ಮ.
ಫ್ಯಾನು ಮಾತ್ರ ಒಂದೇ ಲೆಕ್ಕ ಹೇಳುತ್ತಿತ್ತು: ಟಕ್, ಟಕ್, ಟಕ್.

ಬೆಳಿಗ್ಗೆ ಸೋಗಾನೆಯಲ್ಲಿ ಮಂಜು.
ಕೇಳಿಸಿತು, ಕಾಣಿಸಲಿಲ್ಲ;
ಮೇಲೆ ಎರಡು ಸುತ್ತು ಹಾಕಿ ಕೊನೆಗೆ ಇಳಿಯಿತು
ಪಂಖದ ಪುಟ್ಟ ವಿಮಾನ,
ನನ್ನ ಪಟ್ಟಿಯಲ್ಲಿ ಇಲ್ಲವೇ ಇಲ್ಲದ್ದು.
ಇಳಿದವರನ್ನು ಎಣಿಸಿದೆ, ಅಭ್ಯಾಸಬಲ. ನಲವತ್ತೊಂದು.
ಕೊನೆಯವಳು ಮೆಟ್ಟಿಲಿಗೊಮ್ಮೆ ನಿಲ್ಲುತ್ತ ಬಂದಳು,
ಎಕ್ಸ್‌ರೇ ಕವರನ್ನು ಕಿಟಕಿಯ ಗಾಜಿನಂತೆ
ಎದೆಗೊತ್ತಿ ಹಿಡಿದು.

ಅವಳಿಗೆ ಯಾವ ಕಾಲಂ ಎಂದು ಹುಡುಕಿದೆ.
'ಇತರೆ' ಎಂದಿರುವಲ್ಲಿ ಬರೆದೆ: ಒಂದು.
ಮತ್ತೆ ಕರ್ಸರು ಹೋಗಿ ನಿಂತಿತು
ಇನ್ನೂ ತುಂಬದ ಆ ಚೌಕದಲ್ಲಿ:
ಎಷ್ಟು ವಿಮಾನ, ಯಾವ ಉದ್ದ.